ಆರೋಗ್ಯವಂತರ ರಕ್ತ ಮತ್ತು ಹಾಜಿಯವರ ಐಸು

ಆರೋಗ್ಯವಂತರನ್ನು ಹುಡುಕುವುದು ಇಷ್ಟು ಕಷ್ಟ ಎಂದು ಗೊತ್ತಿದ್ದರೆ ನಾನು ಮೇಡಂ ಎದುರು ಅಷ್ಟು ಬೇಗ ತಲೆಯಾಡಿಸುತ್ತಿರಲಿಲ್ಲ. ಲ್ಯಾಬಿನಲ್ಲಿ ಇಷ್ಟು ವರ್ಷ ನನ್ನ ಸೂಜಿಗೆ ಕೈ ಚಾಚಿದವರೆಲ್ಲ ರೋಗಿಗಳು. ಅವರು ತಾವಾಗಿಯೇ ಬರುತ್ತಾರೆ, ಸಾಲಿನಲ್ಲಿ ಕೂರುತ್ತಾರೆ, ತಡವಾದರೆ ಬೈಯುತ್ತಾರೆ. ಏನೂ ಆಗದ ಮನುಷ್ಯನನ್ನು ಹಿಡಿದು ತಂದು, ನಿನಗೆ ಏನೂ ಆಗಿಲ್ಲ, ಅದಕ್ಕೇ ರಕ್ತ ಕೊಡು ಎನ್ನುವುದು ಬೇರೆಯೇ ವಿದ್ಯೆ. ಅದನ್ನು ನನಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ.

ಮೂಡುಬಿದಿರೆ ಪೇಟೆಯ ಹೊರಗಿರುವ ನಮ್ಮ ಲ್ಯಾಬಿಗೆ ಫ್ಲೋ ಸೈಟೋಮೀಟರ್ ಎಂಬ ಯಂತ್ರ ಬಂದಿತ್ತು. ರಕ್ತದ ಬಿಳಿ ಕಣಗಳಿಗೆ ಹೊಳೆಯುವ ಬಣ್ಣಗಳನ್ನು ಅಂಟಿಸಿ, ಒಂದರ ಹಿಂದೆ ಒಂದರಂತೆ ಲೇಸರ್ ಬೆಳಕಿನ ಎದುರು ಓಡಿಸಿದರೆ ಯಾವ ಬಗೆಯ ಕಣ ಎಷ್ಟಿದೆ ಎಂದು ಅದು ಎಣಿಸಿ ಹೇಳುತ್ತದೆ. ಅವುಗಳಲ್ಲಿ ಸಿಡಿ-ನಾಲ್ಕು ಎಂಬ ಬಗೆಗೆ ಮರ್ಯಾದೆ ಜಾಸ್ತಿ, ಮೈಯೊಳಗಿನ ಕಾವಲು ಪಡೆಗೆ ಅಪ್ಪಣೆ ಕೊಡುವವು ಅವು. ತೊಂದರೆ ಏನೆಂದರೆ, ಎಷ್ಟಿದ್ದರೆ ಸರಿ, ಎಷ್ಟಿದ್ದರೆ ಕಡಿಮೆ ಎಂಬ ಅಳತೆ ಯಂತ್ರದ ಜೊತೆಗಿನ ಪುಸ್ತಕದಲ್ಲೇ ಹೊರದೇಶದಿಂದ ಬಂದಿತ್ತು. ಅದು ಅಲ್ಲಿಯ ಜನರ ರಕ್ತದ ಅಳತೆ. ನಮ್ಮ ಕಡೆಯವರದ್ದು ಎಷ್ಟು ಎಂದು ನಾವೇ ನೋಡುವ ಎಂದರು ಮೇಡಂ. ಅವರು ಲ್ಯಾಬಿನ ಮುಖ್ಯಸ್ಥೆ, ನಾನು ಟೆಕ್ನಾಲಜಿಸ್ಟ್. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಮೂರು ಕಡೆಯಿಂದ ಎಲ್ಲ ಪ್ರಾಯದ ಆರೋಗ್ಯವಂತರ ರಕ್ತ ತರುವುದೆಂದು ತೀರ್ಮಾನವಾಯಿತು.

ಯಂತ್ರವನ್ನು ಮೊದಲು ಪರೀಕ್ಷಿಸಿ ನೋಡಲು ಒಬ್ಬ ಗಟ್ಟಿ ಆಳು ಬೇಕಿತ್ತು. ನಮ್ಮ ಜೀಪಿನ ಡ್ರೈವರ್ ಅಲ್ಲೇ ಇದ್ದ. ಮಿಜಾರಿನವನು, ಮೂವತ್ತು ದಾಟಿದವನು, ಭಾನುವಾರ ವಾಲಿಬಾಲ್ ಆಡುವವನು, ಕರಿದ ಬಂಗುಡೆ ಮೀನು ಕಂಡರೆ ಜೀಪನ್ನು ರಸ್ತೆಯ ಮಧ್ಯದಲ್ಲೇ ನಿಲ್ಲಿಸುವವನು. ಜ್ವರ ಬಂದು ರಜೆ ಹಾಕಿದ್ದನ್ನು ನಾನು ಕಂಡಿಲ್ಲ. ಇವನಿಗಿಂತ ಆರೋಗ್ಯವಂತ ಎಲ್ಲಿ ಸಿಗುತ್ತಾನೆ ಎಂದು ಅವನ ರಕ್ತವನ್ನೇ ಓಡಿಸಿದೆ.

ಪ್ರಿಂಟರಿನಿಂದ ಕಾಗದ ಪೂರ್ತಿ ಹೊರಗೆ ಬರುವ ಮೊದಲೇ ಅವನು ಎಳೆದುಕೊಂಡ. ಸಿಡಿ-ನಾಲ್ಕರ ಸಂಖ್ಯೆಯ ಪಕ್ಕದಲ್ಲಿ ಇಂಗ್ಲಿಷಿನ ‘ಎಲ್’ ಅಕ್ಷರ ದಪ್ಪಗೆ ಕೂತಿತ್ತು.

"ಇದೆಂತ ಅಕ್ಕ, ಎಲ್?"

"ಲೋ ಅಂತ. ಆ ಪುಸ್ತಕದ ಅಳತೆಗಿಂತ ಸ್ವಲ್ಪ ಕಡಿಮೆ."

"ಎಂತ ಕಡಿಮೆ?"

"ಕಾವಲಿನ ಕಣಗಳು. ಅದು ಎಂತ ದೊಡ್ಡ ಸಂಗತಿ ಅಲ್ಲ ಮಾರಾಯ..."

ಅಷ್ಟರಲ್ಲಿ ಅವನು ಸ್ಟೂಲಿನ ಮೇಲೆ ಕೂತಾಗಿತ್ತು. ಮೇಡಂ ಬಂದರು. ಮತ್ತೆ ರಕ್ತ ತೆಗೆಸಿದರು. ಮಾಡಬೇಕಾದ ಬೇರೆ ಪರೀಕ್ಷೆಗಳನ್ನೆಲ್ಲ ಮಾಡಿಸಿದರು. ಎಲ್ಲ ಚೊಕ್ಕ. ಆದರೆ ಯಂತ್ರ ಮಾತ್ರ ಎರಡನೇ ಸಲವೂ ಅದೇ ಎಲ್ ಹಾಕಿತು.

"ನಿನಗೆ ಏನೂ ಇಲ್ಲ. ಅದು ಬೇರೆ ದೇಶದವರ ಅಳತೆ," ಎಂದರು ಮೇಡಂ.

"ಹಾಗಾದ್ರೆ ನಮ್ಮ ಅಳತೆ ಎಷ್ಟು ಮೇಡಂ?"

"ಅದನ್ನು ಹುಡುಕಲಿಕ್ಕೇ ಈಗ ಹೊರಟದ್ದು."

"ಅದು ಸಿಗುವವರೆಗೆ ನಾನು ಎಂತ? ಹುಷಾರಿದ್ದವನಾ, ಇಲ್ಲದವನಾ?"

ಮೇಡಂ ಕನ್ನಡಕ ತೆಗೆದು ಒರೆಸಿದರು.

ಇಲ್ಲಿಗೆ ಮುಗಿದಿದ್ದರೆ ನಗಬಹುದಿತ್ತು. ಆದರೆ ಬೆಳ್ತಂಗಡಿಯ ಒಬ್ಬ ಟೀಚರ್ ಜೊತೆ ಅವನ ಮದುವೆ ಮಾತಾಗಿತ್ತು. ಜಾತಕ ಕೂಡಿ ಬಂದಿತ್ತು, ನಿಶ್ಚಿತಾರ್ಥದ ದಿನವೂ ನೋಡಿಯಾಗಿತ್ತು. ಇವನು ಫೋನು ಮಾಡಿ, ಆಫೀಸಿನಲ್ಲಿ ಕೆಲಸ ಜಾಸ್ತಿ ಉಂಟು, ಸ್ವಲ್ಪ ಮುಂದೆ ಹಾಕುವ ಎಂದುಬಿಟ್ಟ. ಕಾವಲಿಲ್ಲದ ಮೈಯನ್ನು ಕಟ್ಟಿಕೊಂಡು ಅವಳು ಎಂತ ಮಾಡುವುದು ಎಂದು ನನ್ನ ಹತ್ತಿರ ಮಾತ್ರ ಹೇಳಿದ. ಆಮೇಲೆ ಬಂಗುಡೆ ಬಿಟ್ಟ, ವಾಲಿಬಾಲ್ ಬಿಟ್ಟ. ಮುಖಕ್ಕೆ ಮಾಸ್ಕು ಬಂತು, ಜೀಪಿನಲ್ಲಿ ಕುದಿಸಿದ ನೀರಿನ ಬಾಟಲಿ ಬಂತು, ಪಪ್ಪಾಯಿ ಎಲೆಯ ರಸ ಬಂತು. ಅಕ್ಕ, ಬೇಗ ಅಳತೆ ಹುಡುಕಿ ಎಂದು ದಿನಾ ಬೆಳಿಗ್ಗೆ ಒಂದು ಸಲ ಹೇಳುತ್ತಿದ್ದ. ದೇವರಿಗೆ ಹರಕೆ ನೆನಪಿಸಿದ ಹಾಗೆ.

ಮೂಡುಬಿದಿರೆಯ ಶಿಬಿರ ಸಲೀಸಾಗಿ ಆಯಿತು. ಎರಡನೆಯದು ಬೆಳ್ತಂಗಡಿ ಕಡೆಯ ಒಂದು ಶಾಲೆಯಲ್ಲಿ. ಅದು ಅವಳ ಶಾಲೆಯೇ ಎಂದು ಗೇಟಿನ ಹತ್ತಿರ ಬಂದ ಮೇಲೆ ಡ್ರೈವರ್ ಬಾಯಿಬಿಟ್ಟ. ನನ್ನನ್ನೂ ಪೆಟ್ಟಿಗೆಗಳನ್ನೂ ಇಳಿಸಿ, ಜೀಪನ್ನು ಬಿಸಿಯೂಟದ ಅಡುಗೆ ಕೋಣೆಯ ಹಿಂದೆ ಕೊಂಡುಹೋಗಿ ನಿಲ್ಲಿಸಿದ.

ಸ್ಟಾಫ್ ರೂಮಿನಲ್ಲಿ ನಾನು ಪ್ರಶ್ನೆ ಕೇಳತೊಡಗಿದೆ. ರಕ್ತ ಕೊಡುವವರಿಗೆ ಯಾವ ಕಾಯಿಲೆಯೂ ಇರಬಾರದು, ಯಾವ ಮದ್ದೂ ನಡೆಯುತ್ತಿರಬಾರದು. ಹೆಡ್ ಮಾಸ್ಟರು ಮೊದಲಿಗರಾಗಿ ಅಂಗಿಯ ತೋಳು ಮಡಚಿ ಕೂತರು.

"ಕಾಯಿಲೆ ಏನಾದರೂ ಉಂಟಾ ಸರ್?"

"ಏನೂ ಇಲ್ಲ. ಒಂದು ದಿನ ಸಿಕ್ ಲೀವ್ ಹಾಕಿದವನಲ್ಲ ನಾನು."

"ಮಾತ್ರೆ?"

"ಶುಗರಿನದ್ದು ಒಂದು, ಬೀಪಿಯದ್ದು ಅರ್ಧ."

"ಹಾಗಾದರೆ ಕಾಯಿಲೆ ಉಂಟಲ್ಲ ಸರ್."

"ಅದು ಕಾಯಿಲೆ ಅಲ್ಲ ಮಾರಾಯ್ರೆ, ಅದು ಎಲ್ಲರಿಗೂ ಉಂಟು!"

ಅವರ ರಕ್ತ ಬೇಡ ಎಂದಾಗ ಇಡೀ ಶಾಲೆಗೆ ಅವಮಾನವಾದ ಹಾಗಾಯಿತು. ಗಣಿತದ ಮೇಷ್ಟ್ರಿಗೆ ಥೈರಾಯ್ಡ್, ಪಿ.ಟಿ. ಮೇಷ್ಟ್ರಿಗೆ ಕೀಲುನೋವಿನ ಚುಚ್ಚುಮದ್ದು. ಸಿಕ್ಕ ಕೆಲವರದ್ದು ತೆಗೆದುಕೊಂಡು ಮುಗಿಸುವ ಹೊತ್ತಿಗೆ ಒಬ್ಬಳು ತರುಣಿ ಬಂದು ಕೂತು, ಹೆಸರು ಹೇಳುವ ಮೊದಲು ಎರಡು ಸಲ ಸೀನಿದಳು. ಶೀತ ಇದ್ದರೆ ಆಗುವುದಿಲ್ಲ, ಹುಷಾರಾಗಿ ಎರಡು ವಾರ ಕಳೆದ ಮೇಲೆ ಬೇಕಾದರೆ ಲ್ಯಾಬಿಗೇ ಬನ್ನಿ ಎಂದೆ.

"ಬರ್ತೇನೆ," ಎಂದು ಎದ್ದವಳು ಕೇಳಿದಳು, "ನಿಮ್ಮ ಡ್ರೈವರ್ ಬರಲಿಲ್ಲವಾ ಇವತ್ತು?"

ಆಗ ನನಗೆ ಗೊತ್ತಾಯಿತು, ಇವಳೇ ಅವಳು. "ಬಂದಿದ್ದಾನೆ. ಕೆಲಸದಲ್ಲಿದ್ದಾನೆ," ಎಂದೆ.

ಅವಳು ಹಿಂದಿನ ಕಿಟಕಿಯಿಂದ ನೋಡಿದಳು. ಅಡುಗೆ ಕೋಣೆಯ ಹಿಂದೆ ಜೀಪಿನ ಬಾಗಿಲು ತೆರೆದಿತ್ತು, ಸೀಟಿನಲ್ಲಿ ಅಡ್ಡಾಗಿದ್ದವನ ಎರಡು ಕಾಲು ಹೊರಗೆ ನೇತಾಡುತ್ತಿದ್ದವು.

"ಹೌದು, ಕೆಲಸ ಭಾರೀ ಜಾಸ್ತಿ ಉಂಟು ಅವರಿಗೆ," ಎಂದಳು. ಅವಳು ನಗಲಿಲ್ಲ. ನನಗೆ ಅವನ ಮೇಲೆ ಸಿಟ್ಟೇ ಬಂತು.

ಮೂರನೆಯದು ಬಂಟ್ವಾಳ. ಅಲ್ಲಿ ನಮಗೆ ಸಿಕ್ಕಿದವರು ಹಾಜಿಯವರು. ಮೀನಿನ ದೊಡ್ಡ ವ್ಯಾಪಾರಿ, ಅರವತ್ತು ದಾಟಿದ್ದರೂ ಒಂದು ಮಾತ್ರೆ ನುಂಗದವರು. ಮನೆಯ ಗಂಡುಮಕ್ಕಳೆಲ್ಲ ಗಲ್ಫಿನಲ್ಲಿ. ಅಲ್ಲಿಗೆ ಹೋಗಲು ಮೆಡಿಕಲ್ ಪರೀಕ್ಷೆ ಆಗಬೇಕಾದ್ದರಿಂದ ಆ ಕೇರಿಯಲ್ಲಿ ರಕ್ತ ಕೊಡುವುದು ರೇಷನ್ ತಂದಷ್ಟೇ ಸಹಜ. ಹಾಜಿಯವರು ಒಂದು ಮಾತು ಹೇಳಿದ್ದಕ್ಕೆ ದರ್ಜಿ, ರಿಕ್ಷಾದವರು, ಬೀಡಿ ಕಟ್ಟುವ ಹೆಂಗಸರು, ಪಕ್ಕದ ಮನೆಯ ಪೂಜಾರಿ ದಂಪತಿ, ಎಲ್ಲ ಅವರ ಮನೆಯ ಸಿಟೌಟಿನಲ್ಲಿ ಸಾಲುಗಟ್ಟಿದರು. ಶುಗರಿಲ್ಲ, ಬೀಪಿಯಿಲ್ಲ, ಶೀತವಿಲ್ಲ. ನನಗೆ ಅಳುವಷ್ಟು ಸಂತೋಷವಾಯಿತು.

ಒಬ್ಬೊಬ್ಬರಿಂದ ಎರಡು ಟ್ಯೂಬ್. ಕೆಂಪು ಮುಚ್ಚಳದ್ದು ಲಿವರ್, ಸಕ್ಕರೆ ಇತ್ಯಾದಿ ನೋಡಲಿಕ್ಕೆ. ಅದನ್ನು ಐಸಿನ ಪೆಟ್ಟಿಗೆಯಲ್ಲಿ ಇಡುತ್ತೇವೆ. ನೇರಳೆ ಮುಚ್ಚಳದ್ದು ಸೈಟೋಮೀಟರಿಗೆ. ಅದರೊಳಗೆ ಕಣಗಳು ಜೀವಂತ ಇರಬೇಕು, ತಣ್ಣಗಾಗಬಾರದು. ಅದನ್ನು ಬರೀ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ನೆರಳಿಗೆ ಇಟ್ಟರೆ ಸಾಕು. ಎಲ್ಲ ಮುಗಿಸಿ ಪೆಟ್ಟಿಗೆ ಮುಚ್ಚಿ ಹೊರಡುತ್ತೇವೆ ಎಂದಾಗ ಹಾಜಿಯವರು ಬಾಗಿಲಿಗೆ ಅಡ್ಡ ನಿಂತರು.

"ಊಟ ಮಾಡದೆ ಹೋಗುವುದಾ ಡಾಕ್ಟ್ರೇ? ನಮ್ಮ ಮರ್ಯಾದೆ ಎಂತ ಆಗ್ಬೇಕು?"

"ನಾನು ಡಾಕ್ಟರ್ ಅಲ್ಲ ಹಾಜಿಯವರೇ. ರಕ್ತ ಬೇಗ ತಲುಪಬೇಕು."

"ಸೂಜಿ ಚುಚ್ಚಿದವರು ನಮಗೆ ಡಾಕ್ಟ್ರೇ. ಅರ್ಧ ಗಂಟೆಯಲ್ಲಿ ರಕ್ತ ಎಲ್ಲಿಗೂ ಓಡಿ ಹೋಗುವುದಿಲ್ಲ. ಕೂತ್ಕೊಳ್ಳಿ."

ಒಳಗಿನಿಂದ ತುಪ್ಪದನ್ನದ ಪರಿಮಳ ಬರುತ್ತಿತ್ತು. ಅಕ್ಕಿ ರೊಟ್ಟಿಯಂಥ ಪತ್ತಿರ್, ಕೋಳಿ ಸಾರು, ಅಂಜಲ್ ಮೀನಿನ ಫ್ರೈ. ನಾನು ಕೂತೆ. ಪೆಟ್ಟಿಗೆ ಕಾಯಬೇಕಿದ್ದ ಡ್ರೈವರನನ್ನೂ ಕೈ ಹಿಡಿದು ಎಳೆದು ತಂದರು. ಅವನು ಮಾಸ್ಕು ಗಲ್ಲಕ್ಕೆ ಇಳಿಸಿ, ನನಗೆ ಗಂಜಿ ಇದ್ದರೆ ಸಾಕು ಎಂದ. ಆ ಮನೆಯ ಹೆಂಗಸರು ಅವನನ್ನು ನೋಡಿದ ರೀತಿ ಈಗಲೂ ನೆನಪಿದೆ.

ಸಿದ್ಧಕಟ್ಟೆ ದಾರಿಯಲ್ಲಿ ಬರುವಾಗ ಜೀಪಿನಲ್ಲಿ ಮೀನಿನ ವಾಸನೆ ಬರುತ್ತಿತ್ತು. ಊಟದ್ದು, ಕೈಯದ್ದು ಎಂದುಕೊಂಡೆ. ಲ್ಯಾಬಿಗೆ ಬಂದು ಥರ್ಮೊಕೋಲ್ ಪೆಟ್ಟಿಗೆ ತೆರೆದೆ. ಒಳಗೆ ನುಣ್ಣಗೆ ಪುಡಿ ಮಾಡಿದ ಐಸು. ಅದರ ಮೇಲೆ ಧಾರಾಳವಾಗಿ ಕಲ್ಲುಪ್ಪು. ನಡುವೆ ನೇರಳೆ ಮುಚ್ಚಳಗಳು ಸಾಲಾಗಿ, ಸಂತೆಗೆ ಹೊರಟ ಬೂತಾಯಿ ಮೀನಿನ ಹಾಗೆ ಮಲಗಿದ್ದವು.

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ, ಆಮೇಲೆ ಎಲ್ಲ ಅರ್ಥವಾಯಿತು. ಉಪ್ಪು ಬಿದ್ದ ಐಸು ಬರೀ ಐಸಿಗಿಂತ ಎಷ್ಟೋ ತಂಪು. ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಕರಗಿದಾಗ ಟ್ಯೂಬಿನ ಮೇಲ್ಭಾಗದಲ್ಲಿ ತಿಳಿಹಳದಿ ಇರಬೇಕಾದ ದ್ರವ ಪುನರ್ಪುಳಿ ಶರಬತ್ತಿನ ಕೆಂಪು ಬಣ್ಣಕ್ಕೆ ಬಂದಿತ್ತು. ಕಣಗಳು ಒಡೆದಿವೆ ಎಂದು ಅದರ ಅರ್ಥ.

ಹಾಗೆಂದು ಕೈಬಿಡಲು ಮನಸ್ಸು ಒಪ್ಪಲಿಲ್ಲ. ಬಣ್ಣ ಹಾಕಿದೆ, ಕತ್ತಲಲ್ಲಿ ಇಟ್ಟೆ, ಯಂತ್ರಕ್ಕೆ ಕೊಟ್ಟೆ. ಒಳ್ಳೆಯ ರಕ್ತವಾದರೆ ಪರದೆಯ ಎಡಮೂಲೆಯಲ್ಲಿ ನಮಗೆ ಬೇಕಾದ ಕಣಗಳ ಚುಕ್ಕಿಗಳು ಒತ್ತೊತ್ತಾಗಿ ಕೂಡುತ್ತವೆ. ಅವುಗಳ ಸುತ್ತ ಮೌಸಿನಿಂದ ಬೇಲಿ ಎಳೆದರೆ ಯಂತ್ರ ಬೇಲಿಯೊಳಗಿನದ್ದನ್ನು ಮಾತ್ರ ಎಣಿಸುತ್ತದೆ. ಈಗ ಅಲ್ಲಿ ಗುಂಪೇ ಇರಲಿಲ್ಲ, ನೆಲಕ್ಕೆ ರವೆ ಚೆಲ್ಲಿದ ಹಾಗೆ ಚುಕ್ಕಿಗಳು. ನಾನು ಬೇಲಿಯನ್ನು ಸ್ವಲ್ಪ ದೊಡ್ಡದು ಮಾಡಿದೆ. ಮತ್ತೂ ಸ್ವಲ್ಪ. ಏನೋ ಒಂದು ಸಂಖ್ಯೆ ಬಂತು. ತೀರಾ ಕಡಿಮೆ, ಆದರೆ ಸಂಖ್ಯೆ ಸಂಖ್ಯೆಯೇ. ಬಣ್ಣದ ಬಾಟಲಿಗಳ ಅವಧಿ ಮುಂದಿನ ತಿಂಗಳಿಗೆ ಮುಗಿಯುವುದಿತ್ತು. ಬಂಟ್ವಾಳಕ್ಕೆ ಮತ್ತೆ ಹೋಗಿ ಅಷ್ಟು ಜನರನ್ನು ಚುಚ್ಚುವುದನ್ನು ನೆನೆದರೇ ಬೆನ್ನು ನೋಯುತ್ತಿತ್ತು.

ಡ್ರೈವರ್ ಹಿಂದೆ ನಿಂತು ನೋಡುತ್ತಿದ್ದ.

"ಅಕ್ಕ, ಇದನ್ನು ಲೆಕ್ಕಕ್ಕೆ ಸೇರಿಸಿದ್ರೆ ನಮ್ಮ ಅಳತೆ ಕೆಳಗೆ ಬರ್ತದಾ?"

"ಬರ್ತದೆ."

"ಆಗ ನಂದು ಎಲ್ ಹೋಗ್ತದಾ?"

"ಹೋಗ್ತದೆ," ಎಂದೆ. ಆ ಉತ್ತರ ನನಗೇ ಹೆದರಿಕೆ ಹುಟ್ಟಿಸಿತು.

ಅವನು ಬಗ್ಗಿ ಪರದೆಯ ಚುಕ್ಕಿಗಳನ್ನು ಹತ್ತಿರದಿಂದ ನೋಡಿದ. "ಬೇಡ ಅಕ್ಕ. ಇದು ಸತ್ತ ರಕ್ತ. ಇದನ್ನು ಹಿಡ್ಕೊಂಡು ನಾನು ಅವಳ ಮನೆಗೆ ಹೋಗಿ ಹುಷಾರುಂಟು ಅಂತ ಹೇಳುವುದು ಹೇಗೆ?"

ನಾನು ಬೇಲಿಯನ್ನು ಅಳಿಸಿದೆ. ಮೇಡಂಗೆ ಹೋಗಿ ಹೇಳಿದೆ. ಅವರು ಒಂದು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲ ಬಿಸಾಡಿ ಎಂದರು. ಹಾಸ್ಟೆಲಿನ ಮಕ್ಕಳ ರಕ್ತ ತೆಗೆದು ಲೆಕ್ಕ ತುಂಬಿಸುವ ಎಂದು ಅವರೇ ಒಂದು ದಾರಿ ತೋರಿಸಿ, ಎಲ್ಲರೂ ಒಂದೇ ಪ್ರಾಯದವರಾದರೆ ಅದೆಂಥ ಅಳತೆ ಎಂದು ಅವರೇ ಬೇಡವೆಂದರು. ಕೊನೆಗೆ ನಾನು ಹಾಜಿಯವರಿಗೆ ಫೋನು ಮಾಡಿದೆ. ದಾರಿಯಲ್ಲಿ ಒಡೆಯಿತು ಎಂದೋ, ಯಂತ್ರ ಕೆಟ್ಟಿತು ಎಂದೋ ಹೇಳಬಹುದಿತ್ತು. ಇದ್ದದ್ದನ್ನೇ ಹೇಳಿದೆ.

ಹಾಜಿಯವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಡಾಕ್ಟ್ರೇ, ನೀವು ಕೆಂಪು ಮುಚ್ಚಳಕ್ಕೆ ಐಸ್ ಇಟ್ರಿ, ನೇರಳೆಗೆ ಇಡಲಿಲ್ಲ. ಒಂದೇ ಮನುಷ್ಯನ ರಕ್ತ, ಒಂದಕ್ಕೆ ಐಸ್, ಒಂದಕ್ಕೆ ಇಲ್ಲ. ಪಾಪ ಗಡಿಬಿಡಿಯಲ್ಲಿ ಮರೆತದ್ದು ಅಂತ ನಾನೇ ಹಾಕಿಸಿದ್ದು. ಮೂಡುಬಿದಿರೆವರೆಗೆ ತಂಪು ನಿಲ್ಲಲಿ ಅಂತ ಉಪ್ಪು ಕೂಡ ಹಾಕಿದ್ದೇನೆ."

"ಗೊತ್ತಾಯಿತು ಹಾಜಿಯವರೇ."

"ಒಳ್ಳೆ ಐಸ್ ಮಾರಾಯ್ರೆ ಅದು. ಎಕ್ಸ್‌ಪೋರ್ಟಿನ ಮೀನಿಗೆ ಹಾಕುವಂಥದ್ದು."

ಮರುದಿನ ಅವರೇ ಫೋನು ಮಾಡಿದರು. ದನಿ ಕುಗ್ಗಿತ್ತು. ಮತ್ತೆ ರಕ್ತ ಬೇಕಂತೆ ಎಂಬ ಮಾತು ದರ್ಜಿಯ ಅಂಗಡಿಯಿಂದ ರಿಕ್ಷಾ ಸ್ಟ್ಯಾಂಡಿಗೆ ತಲುಪುವಷ್ಟರಲ್ಲಿ, ಬಂಟ್ವಾಳದವರ ರಕ್ತ ಹಾಳಂತೆ, ಮೂಡುಬಿದಿರೆಯವರದ್ದು ಒಳ್ಳೆಯದಂತೆ ಎಂದಾಗಿತ್ತು. "ನನ್ನ ಮಾತಿಗೆ ಬಂದವರು ಅವರೆಲ್ಲ. ಈಗ ನಾನು ಪೇಟೆಯಲ್ಲಿ ಮುಖ ತೋರಿಸುವುದು ಹೇಗೆ?"

ಆ ಹೊತ್ತಿಗೆ ನನಗೆ ಹೊಳೆದದ್ದು ಒಂದೇ. "ಎಲ್ಲರನ್ನೂ ಕರ್ಕೊಂಡು ಇಲ್ಲಿಗೇ ಬನ್ನಿ. ಅವರ ರಕ್ತ ಹೇಗುಂಟು ಅಂತ ಅವರೇ ನೋಡಲಿ." ಇದು ಲ್ಯಾಬು, ಮದುವೆ ಹಾಲ್ ಅಲ್ಲ ಎಂದು ಮೇಡಂ ಗದರಿದರು. ಆಮೇಲೆ ಅವರೇ ಹೋಗಿ ಕುರ್ಚಿ ತರಿಸಿದರು.

ಹಾಜಿಯವರು ಒಂದು ಬಸ್ಸನ್ನೇ ಮಾಡಿಕೊಂಡು ಬಂದರು. ಒಂದೇ ಒಂದು ಐಸಿನ ಚೂರೂ ತಂದಿಲ್ಲ ಡಾಕ್ಟ್ರೇ, ಬೇಕಾದರೆ ಹುಡುಕಿ ಎಂದು ಇಳಿಯುವಾಗಲೇ ಘೋಷಿಸಿದರು. ಅವರದ್ದೇ ಮೊದಲು ತೆಗೆದೆ. ಅವರ ಒಪ್ಪಿಗೆಯಿಂದಲೇ ಇನ್ನೊಂದು ಟ್ಯೂಬ್ ತೆಗೆದು ಉಪ್ಪು ಹಾಕಿದ ಐಸಿನಲ್ಲಿ ಇಟ್ಟೆ. ಹೊತ್ತು ಕಳೆದ ಮೇಲೆ ಎರಡನ್ನೂ ಪರದೆಯ ಮೇಲೆ ತೋರಿಸಿದೆ. ಮೊದಲನೆಯದರಲ್ಲಿ ಚುಕ್ಕಿಗಳು ಒಂದೊಂದಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು.

"ಇಷ್ಟು ಜನ ನನ್ನ ಒಳಗೆ ದುಡಿಯುತ್ತಾರಾ? ಸಂಬಳ ಇಲ್ಲದೆ?"

"ಹೌದು."

ಎರಡನೆಯದರಲ್ಲಿ ಚೆಲ್ಲಿದ ರವೆ. ಹಾಜಿಯವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಬಂದವರ ಕಡೆ ತಿರುಗಿ, "ನೋಡಿ, ನಮ್ಮ ರಕ್ತಕ್ಕೆ ಎಂತದೂ ಆಗಿಲ್ಲ. ಐಸ್ ಇಟ್ಟದ್ದು ನಾನು. ಮೀನು ಸತ್ತ ಮೇಲೆ ಐಸಿಗೆ ಬರುವುದು. ಇದು ಬದುಕಿ ಉಂಟು," ಎಂದರು. ಮತ್ತೆ ನನ್ನ ಕಡೆ ತಿರುಗಿ, "ಇದನ್ನು ನೀವು ಊಟಕ್ಕೆ ಮೊದಲೇ ಹೇಳಬೇಕಿತ್ತು ಡಾಕ್ಟ್ರೇ."

ಮಧ್ಯಾಹ್ನದ ಹೊತ್ತಿಗೆ ಬೆಳ್ತಂಗಡಿಯ ಬಸ್ಸಿನಲ್ಲಿ ಆ ಟೀಚರೂ ಬಂದಳು. ಶೀತ ಹೋಗಿ ಬಹಳ ದಿನವಾಗಿತ್ತು. ಎಲ್ಲರ ನಡುವೆ ಅವಳದ್ದನ್ನೂ ತೆಗೆದು ಓಡಿಸಿದೆ. ಪ್ರಿಂಟರಿನಿಂದ ಬಂದ ಕಾಗದವನ್ನು ನಾನು ಯಾರೂ ನೋಡದ ಹಾಗೆ ಮಡಚಿಕೊಂಡೆ. ಸಿಡಿ-ನಾಲ್ಕರ ಪಕ್ಕದಲ್ಲಿ ಎಲ್. ಡ್ರೈವರನ ಸಂಖ್ಯೆಗಿಂತ ಕೆಳಗೆ.

ಉಳಿದ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಕಾದು, ಮೇಡಂ ಅವಳನ್ನು ತಮ್ಮ ಕೋಣೆಗೆ ಕರೆದರು. ಎಲ್ಲ ಚೆನ್ನಾಗಿದೆ, ಈ ಅಕ್ಷರ ಬೇರೆ ದೇಶದ ಅಳತೆಯದ್ದು ಎಂದು ತಿಳಿಸಿ ಹೇಳಿ ಕಾಗದ ಕೈಗೆ ಕೊಟ್ಟರು. ಇವತ್ತು ಬಂದ ಗಟ್ಟಿಮುಟ್ಟಾದವರಲ್ಲಿ ಇನ್ನೂ ಕೆಲವರಿಗೆ ಹೀಗೆಯೇ ಬಂದಿದೆ ಎಂದರು. ಅವಳು, ಸರಿ ಮೇಡಂ ಎಂದು ಎದ್ದು ಬಂದಳು. ಅಷ್ಟೇ. ಒಂದು ಪ್ರಶ್ನೆ ಕೂಡ ಇಲ್ಲ.

ಅಂಗಳದಲ್ಲಿ ಡ್ರೈವರ್, ಬೆಳಗಿನಿಂದ ಎರಡು ಸಲ ತೊಳೆದ ಜೀಪನ್ನು ಮೂರನೇ ಸಲ ತೊಳೆಯುತ್ತಿದ್ದ. ಅವಳು ನೇರ ಅಲ್ಲಿಗೇ ಹೋದಳು. ಕಿಟಕಿಯ ಹತ್ತಿರ ನನಗೆ ಏನೂ ಕೆಲಸವಿರಲಿಲ್ಲ, ಆದರೂ ನಿಂತೆ. ಹಾಜಿಯವರೂ ಬಂದು ನಿಂತರು.

ಅವನ ಕಣ್ಣು ಮೊದಲು ಹೋದದ್ದು ಕಾಗದದ ಮೇಲೆ. "ಅಯ್ಯೋ, ನಿಮಗೂ ಉಂಟಾ?"

"ನಿಮಗೂ ಅಂದ್ರೆ?"

ಮಾತು ಬಾಯಿಂದ ಜಾರಿ ಆಗಿತ್ತು. ಅವನು ಪರ್ಸಿನಿಂದ ನಾಲ್ಕು ಮಡಿಕೆಯ ತನ್ನ ಕಾಗದ ತೆಗೆದು ಕೊಟ್ಟ. ಇಬ್ಬರೂ ಎರಡನ್ನೂ ಬೋನೆಟ್ಟಿನ ಮೇಲೆ ಹರಡಿ ಜಾತಕ ನೋಡಿದ ಹಾಗೆ ನೋಡಿದರು.

"ಇದಕ್ಕಾ ಮುಂದೆ ಹಾಕಿದ್ದು?"

"ಹ್ಞೂಂ."

"ನಾನು ನಿಮಗೆ ಮನಸ್ಸಿಲ್ಲ ಅಂತ ಎಣಿಸಿದ್ದೆ. ಅಪ್ಪನಿಗೆ ಎಂತ ಹೇಳುವುದು ಅಂತ ಗೊತ್ತಾಗದೆ ಅತ್ತಿದ್ದೇನೆ." ಅವಳ ದನಿ ಸ್ವಲ್ಪ ಏರಿತು. "ನಂದು ನಿಮ್ಮದಕ್ಕಿಂತ ಕಡಿಮೆ ಉಂಟು, ನೋಡಿ. ನಾನು ದಿನಾ ಎರಡು ಮೈಲಿ ನಡೀತೇನೆ, ಅರುವತ್ತು ಮಕ್ಕಳನ್ನು ಸುಧಾರಿಸ್ತೇನೆ. ಈಗ ನಾನೂ ಮಾಸ್ಕ್ ಹಾಕಿ ಅಡುಗೆ ಕೋಣೆಯ ಹಿಂದೆ ಮಲಗಬೇಕಾ?"

"ಬೇಡ ಬೇಡ. ನೀವು ಹುಷಾರಿದ್ದೀರಿ."

"ಮತ್ತೆ ನೀವು?"

ಅವನು ಮಾಸ್ಕು ತೆಗೆದು ಬಕೆಟಿನ ನೀರಿಗೆ ಹಾಕಿದ. ಅಷ್ಟು ದಿನಗಳ ನಂತರ ಅವನ ಪೂರ್ತಿ ಮುಖ ನೋಡಿ ನನ್ನ ಕಣ್ಣು ಒದ್ದೆಯಾಯಿತು. ಪಕ್ಕದಲ್ಲಿ ಹಾಜಿಯವರು, "ಈಗ ಆ ಮನುಷ್ಯ ಮೀನು ತಿಂತಾನಾ ಡಾಕ್ಟ್ರೇ?" ಎಂದು ಪಿಸುಗುಟ್ಟಿದರು.

ಬಣ್ಣದ ಬಾಟಲಿಗಳ ಅವಧಿ ಮುಗಿಯುವ ಮೊದಲೇ ಕೆಲಸ ಮುಗಿಯಿತು. ಲೆಕ್ಕ ಹಾಕಿದಾಗ ನಮ್ಮ ಮೂರು ಊರಿನ ಆರೋಗ್ಯವಂತರ ಕೆಳಗಿನ ಮಿತಿ ಆ ಪುಸ್ತಕದ್ದಕ್ಕಿಂತ ಕೆಳಗೇ ಬಂತು. ಸತ್ತ ಕಣದ ಸಹಾಯವಿಲ್ಲದೆ ಬಂತು. ಮೇಡಂ ಹೊಸ ಅಳತೆಯನ್ನು ಕಂಪ್ಯೂಟರಿನಲ್ಲಿ ತುಂಬಿಸಿದರು. ನಾನು ಆ ಇಬ್ಬರ ಹಳೆಯ ಫಲಿತಾಂಶಗಳನ್ನು ತೆರೆದು ಮತ್ತೆ ಪ್ರಿಂಟ್ ಕೊಟ್ಟೆ. ಸಂಖ್ಯೆಗಳ ಪಕ್ಕದಲ್ಲಿ ಬಿಳಿ ಜಾಗ ಮಾತ್ರ ಇತ್ತು.

ಓಡಿಹೋಗಿ ಡ್ರೈವರನಿಗೆ ತೋರಿಸಿದೆ. ಅವನು ಫೋನಿನಲ್ಲಿದ್ದ, ಮದುವೆ ಹಾಲ್ ಬುಕಿಂಗ್ ಮಾತಾಡುತ್ತಿದ್ದ.

"ಎಲ್ ಹೋಯ್ತು ಮಾರಾಯ!"

"ಯಾವ ಎಲ್ ಅಕ್ಕ? ಓ, ಅದಾ. ಅಲ್ಲೇ ಮೇಜಿನ ಮೇಲಿಡಿ, ಆಮೇಲೆ ನೋಡುವ," ಎಂದು ಮತ್ತೆ ಫೋನಿಗೆ ತಿರುಗಿದ.

ಮದುವೆಯ ಮರುದಿನದ ಔತಣಕ್ಕೆ ಅಂಜಲ್ ಪೂರ್ತಿ ಹಾಜಿಯವರದ್ದು. ದುಡ್ಡಿನ ಮಾತು ಎತ್ತಬಾರದು ಎಂದು ಮೊದಲೇ ತಾಕೀತು ಮಾಡಿದ್ದರು. ಆ ದಿನ ಬೆಳಕು ಹರಿಯುವಾಗ ನನ್ನ ಫೋನು ಹೊಡೆದುಕೊಂಡಿತು. ಬಂಟ್ವಾಳದಿಂದ ಟೆಂಪೊ ಹೊರಡುವುದಿತ್ತು, ಹಿಂದೆ ಯಾರೋ ಪೆಟ್ಟಿಗೆ ಎಳೆಯುವ ಸದ್ದು.

"ಡಾಕ್ಟ್ರೇ, ಕೇಳದೆ ಮಾಡುವುದು ಬೇಡ ಅಂತ ಫೋನ್ ಮಾಡಿದ್ದು. ಇದಕ್ಕೆ ಐಸ್ ಹಾಕಬಹುದಲ್ಲ?"

"ಹಾಕಿ ಹಾಜಿಯವರೇ," ಎಂದೆ. "ಉಪ್ಪು ಕೂಡ ಹಾಕಿ."